ನಮ್ಮ ಮಲೆನಾಡಿನ ಪತ್ತೇದಾರಿಣಿ 1942ರಲ್ಲಿ ಯಾರ ಕಡೆಯವಳು?

ತುಂಗೆಯ ದಂಡೆ (ತೀರ್ಥಹಳ್ಳಿ)

ಎರಡು ವಾರದಿಂದ ತಲೆ ಕೊರೀತಿರೋ ವಿಷಯ. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡೇ ಕೂತ್ಕೊಳ್ಳಿ.

ಈ ಮಳೆಗಾಲದಲ್ಲಿ ಶಾಲೆಗೆ ರಜೆ ಮೇಲೆ ರಜೆ. ಮನೇಲಿ ಹನ್ನೊಂದು ವರ್ಷದ ಮಗಳು. ಹಕ್ಕುಸ್ವಾಮ್ಯ ಮುಗಿದ ಹಳೇ ಅಮೆರಿಕನ್ ಕಾಮಿಕ್ಸ್ ಪುಕ್ಕಟೆ ಸಿಗುತ್ತಲ್ಲ, ಅದರಲ್ಲಿ 'ಸೆನ್ಯೊರೀಟಾ ರಿಯೊ' ಅನ್ನೋದನ್ನ ತೆಗೆದು ಕನ್ನಡದಲ್ಲಿ ಹೇಳ್ತಾ ಹೋದೆ. 1942ರಲ್ಲಿ 'ಫೈಟ್ ಕಾಮಿಕ್ಸ್' ಪತ್ರಿಕೆಯಲ್ಲಿ ಶುರುವಾದದ್ದು. ರೀಟಾ ಫರಾರ್ ಅಂತ ಹಾಲಿವುಡ್ ನಟಿ. ಮದುವೆಯಾಗಬೇಕಿದ್ದ ಹುಡುಗ ಪರ್ಲ್ ಹಾರ್ಬರ್ ದಾಳಿಯಲ್ಲಿ ಸತ್ತ. ಇವಳು ತಾನೂ ಸತ್ತೆ ಅಂತ ಲೋಕವನ್ನ ನಂಬಿಸಿ, ಹೆಸರು ಬದಲಿಸಿ, ದಕ್ಷಿಣ ಅಮೆರಿಕದಲ್ಲಿ ನಾಜಿ ಗೂಢಚಾರರ ಬೆನ್ನು ಹತ್ತುತ್ತಾಳೆ. ಕಾರಿಂದ ಹಾರ್ತಾಳೆ, ಬಾಗಿಲ ಸಂದಿಯಿಂದ ಕದ್ದು ಕೇಳ್ತಾಳೆ, ಬೇಕಾದ್ರೆ ಎರಡು ಏಟೂ ಹಾಕ್ತಾಳೆ. ಮಗಳು ಕಣ್ಣು ಮಿಟುಕಿಸದೆ ಕೇಳಿ ಕೊನೆಗೆ ಒಂದೇ ಪ್ರಶ್ನೆ: "ಇವಳು ನಮ್ಮೂರಲ್ಲಿ ಇದ್ದಿದ್ರೆ ಎಂತ ಮಾಡ್ತಿದ್ಲು?"

ನನ್ನ ಹೊಟ್ಟೆಪಾಡು ಲಗ್ನಪತ್ರಿಕೆಗೆ ಚಿತ್ರ ಬರೆಯೋದು. ಗಣಪತಿ, ಮಂಟಪ ಬರೆದೂ ಬರೆದೂ ಕೈ ಜಡ್ಡುಗಟ್ಟಿದೆ. ಹಾಗಾಗಿ ಒಂದು ಮೂವತ್ತೆರಡು ಪುಟದ ಕನ್ನಡ ಕಾಮಿಕ್ ಮಾಡೋಣ ಅಂತ ಮನಸ್ಸಾಗಿದೆ. ಕತೆ ಹೀಗೆ: 1942, ಶಿವಮೊಗ್ಗ. ಪೋಸ್ಟ್ ಮಾಸ್ಟರ ಮಗಳು, ಇಪ್ಪತ್ತನಾಲ್ಕು ವರ್ಷ, ಅಪ್ಪನ ಪಕ್ಕ ಕೂತು ಮೋರ್ಸ್ ಭಾಷೆ, ಅಂದ್ರೆ ತಂತಿ ಕಳಿಸೋ ಟಕ್ ಟಕ್ ಬಡಿತದ ಸಂಕೇತ, ಕಲಿತವಳು. ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಬೆಂಕಿ ಇಡೋಕೆ ಜಪಾನಿ ಗೂಢಚಾರ ಬಂದಿದಾನೆ. ಇವಳು ಅವನನ್ನ ಹಿಡೀತಾಳೆ. ತಪ್ಪಿದ್ರೆ ಈಗಲೇ ಹೇಳಿ, ಬಣ್ಣ ಹಾಕಿದ ಮೇಲೆ ಹೇಳ್ಬೇಡಿ.

ಹಳೇ ಪುಸ್ತಕದ ಹುಳ (ಸಾಗರ)

ಅಕ್ಕಾ, ರಿಯೊ ಹೆಸರು ಈ ಗುಂಪಲ್ಲಿ ನೋಡಿ ಖುಷಿಯಾಯ್ತು. ಆ ಚಿತ್ರ ಬರೆದ ಕೈಯ ಕತೆ ಕಾಮಿಕ್‌ಗಿಂತ ದೊಡ್ಡದು. ಶುರುವಿನಲ್ಲಿ ಬೇರೆಯವರು ಬರೀತಿದ್ರು. ಆಮೇಲೆ ಬಂದವಳು ಲಿಲಿ ರೆನೆ. 1921ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹುಡುಗಿ. ಹಿಟ್ಲರನ ಜನ ಆಸ್ಟ್ರಿಯಾ ನುಂಗಿದ ಮೇಲೆ, ಮಕ್ಕಳನ್ನ ಇಂಗ್ಲೆಂಡಿಗೆ ಸಾಗಿಸ್ತಿದ್ದ ರೈಲಿನಲ್ಲಿ 1939ರಲ್ಲಿ ಒಬ್ಬಳೇ ಪಾರಾದಳು. ಆಮೇಲೆ ನ್ಯೂಯಾರ್ಕಿನಲ್ಲಿ ಅಪ್ಪ ಅಮ್ಮ ಸಿಕ್ಕಿದ್ರು. ಗಂಡಸರೆಲ್ಲ ಸೈನ್ಯಕ್ಕೆ ಹೋಗಿ ಕಾಮಿಕ್ ಕಂಪನಿಗಳಲ್ಲಿ ಕೈ ಖಾಲಿಯಾಗಿತ್ತಲ್ಲ, ಹಾಗಾಗಿ ಫಿಕ್ಷನ್ ಹೌಸ್‌ನಲ್ಲಿ ಕೆಲಸ ಸಿಕ್ತು. ಮೊದಮೊದಲು ಬೇರೆಯವರ ಪುಟದಲ್ಲಿ ಪೆನ್ಸಿಲ್ ಗೆರೆ ಅಳಿಸೋ ಕೆಲಸ!

ಅಂದ್ರೆ ರಿಯೊ ನಾಜಿಯೊಬ್ಬನ ದವಡೆಗೆ ಹೊಡೆದಾಗ ಆ ಏಟು ಹಾಕ್ತಿದ್ದವಳು ನಿಜವಾಗಿ ಅವರಿಂದ ಮನೆ ಕಳಕೊಂಡ ಹುಡುಗಿ. 'ಎಲ್. ರೆನೆ' ಅಂತಷ್ಟೇ ಸಹಿ ಹಾಕ್ತಿದ್ದರಿಂದ ಓದುಗರು ಗಂಡಸು ಅಂದುಕೊಂಡಿದ್ರು. 2007ರಲ್ಲಿ ಸ್ಯಾನ್ ಡಿಯಾಗೊದ ಕಾಮಿಕ್ ಮೇಳಕ್ಕೆ ಬಂದಾಗ ಆಕೆಗೆ ಗೌರವ ಸಿಕ್ತು. 2022ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡ್ರು.

ಕೋಡುಬಳೆ (ಶಿವಮೊಗ್ಗ, ದುರ್ಗಿಗುಡಿ)

ನಮ್ಮ ಪತ್ತೇದಾರ ಪುರುಷೋತ್ತಮನನ್ನ ಬಿಟ್ಟು ಅಮೆರಿಕದವಳ ಹಿಂದೆ ಹೋದ್ರಲ್ಲ ಮಾರಾಯ್ರೆ. ಎನ್. ನರಸಿಂಹಯ್ಯನವರ ಕಾದಂಬರಿ ಬಾಡಿಗೆ ಲೈಬ್ರರಿಯಿಂದ ತಂದು ಒಂದೇ ರಾತ್ರಿಗೆ ಮುಗಿಸಿ ಬೆಳಿಗ್ಗೆ ವಾಪಸ್ ಕೊಟ್ಟವರು ನಾವು. ಎರಡನೇ ದಿನದ ಬಾಡಿಗೆ ಉಳೀತಿತ್ತು.

ಹಳೇ ಪುಸ್ತಕದ ಹುಳ

ಪುರುಷೋತ್ತಮನಿಗೆ ನನ್ನದೂ ನಮಸ್ಕಾರ. ಆದ್ರೆ ಅಕ್ಕ ಕೇಳ್ತಿರೋದು ಪತ್ತೇದಾರಿಣಿ. ಕನ್ನಡದಲ್ಲಿ ಆ ಪದ ಬರೆಯೋಕೇ ಬೆರಳು ತಡೆಯುತ್ತೆ ನೋಡಿ, ಅಷ್ಟು ಕಮ್ಮಿ ಬಳಸಿದೀವಿ. ಇನ್ನೊಂದು ಮಜಾ: 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನಿಂದ ಜಿ.ಕೆ. ಅನಂತರಾಮ್ ಹೊರತಂದ ಮೊಟ್ಟಮೊದಲ ಅಮರ ಚಿತ್ರ ಕಥೆಗಳು ಕನ್ನಡದವು. ಶುರು ಮಾಡಿದ್ದು ನಾವು, ಆಮೇಲೆ ಬಾಲ ಹಿಡಿದು ಓಡ್ತಿರೋರೂ ನಾವು.

ಈಸೂರಿನ ಹಾದಿ (ಶಿಕಾರಿಪುರ ತಾಲ್ಲೂಕು)

ಎಲ್ಲರೂ ಖುಷಿಯಲ್ಲಿದೀರಿ, ನಡುವೆ ಕಲ್ಲು ಹಾಕ್ತಿದೀನಿ ಅಂತ ಬೇಜಾರಾಗಬೇಡಿ. ತುಂಗೆಯ ದಂಡೆಯವರೇ, ನೀವು 1942 ಅಂದ್ರಿ, ಶಿವಮೊಗ್ಗ ಅಂದ್ರಿ, ಗೂಢಚಾರ ಅಂದ್ರಿ. ಈಸೂರು ಎಲ್ಲಿ?

ಕ್ವಿಟ್ ಇಂಡಿಯಾ ಹೊತ್ತಿಗೆ ನಮ್ಮ ಊರಿನವರು ತಾವು ಸ್ವತಂತ್ರ ಅಂತ ಸಾರಿ, ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿದ್ರು. ಸೆಪ್ಟೆಂಬರ್ 28ಕ್ಕೆ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಬಂದು ಗಲಾಟೆಯಾಗಿ, ಇಬ್ಬರೂ ಸತ್ತರು. ಆಮೇಲೆ ಊರಿನ ಮೇಲೆ ನಡೆದದ್ದನ್ನ ನಮ್ಮಜ್ಜ ಪೂರ್ತಿ ಹೇಳಿದ್ದೇ ಇಲ್ಲ, ಅರ್ಧಕ್ಕೆ ಎದ್ದು ಹೋಗೋರು. ಜನ ಕಾಡು ಸೇರಿದ್ರು. 1943ರ ಮಾರ್ಚಿನಲ್ಲಿ ಐದು ಜನರಿಗೆ ಗಲ್ಲಾಯ್ತು. ಹೆಂಗಸರಿಗೂ ಶಿಕ್ಷೆಯಾಯ್ತು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನೋ ಮಾತು ನಿಮ್ಮ ಮಗಳೂ ಶಾಲೇಲಿ ಕೇಳಿರ್ತಾಳೆ.

ಈಗ ಹೇಳಿ. ಅದೇ ಜಿಲ್ಲೆ, ಅದೇ ವರ್ಷ. ನಿಮ್ಮ ಹುಡುಗಿ ಸರ್ಕಾರದ ಕಾರ್ಖಾನೆ ಕಾಯ್ತಾ ಜಪಾನಿನವನನ್ನ ಹಿಡೀತಾಳೆ. ಪೊಲೀಸರು ಶಹಬ್ಬಾಸ್ ಅಂತಾರೆ. ಆ ಪೊಲೀಸರು ಮರುದಿನ ಎಲ್ಲಿಗೆ ಹೋಗ್ತಾರೆ?

ತುಂಗೆಯ ದಂಡೆ

ಓದಿ ಹತ್ತು ನಿಮಿಷ ಸುಮ್ಮನೆ ಕೂತೆ. ಉತ್ತರ ಇಲ್ಲ ನನ್ನ ಹತ್ರ.

ಉಕ್ಕಿನೂರು (ಭದ್ರಾವತಿ)

ಈಸೂರಿನವರ ಪ್ರಶ್ನೆ ಸರಿ. ಆದ್ರೆ ಒಂದು ತಿದ್ದುಪಡಿ. ಆಗ ಇದು ಮೈಸೂರು ಸಂಸ್ಥಾನ. ಗಲ್ಲು ಹಾಕಿದ ಸರ್ಕಾರವೂ ಮಹಾರಾಜರ ಸರ್ಕಾರವೇ, ನೇರ ಬ್ರಿಟಿಷ್ ಜಿಲ್ಲೆ ಅಲ್ಲ. ಕಾರ್ಖಾನೆಯೂ ಸಂಸ್ಥಾನದ್ದೇ: 1918ರಲ್ಲಿ ಹುಟ್ಟಿ 1923ರಲ್ಲಿ ಕಬ್ಬಿಣ ಕರಗಿಸಿದ್ದು, ವಿಶ್ವೇಶ್ವರಯ್ಯನವರು ಕೈಯಾರೆ ಹಳಿಗೆ ತಂದದ್ದು. ಕೆಮ್ಮಣ್ಣುಗುಂಡಿ ಅದಿರು, ನಮ್ಮ ಕಾಡಿನ ಸೌದೆ ಸುಟ್ಟ ಇದ್ದಿಲು. ಕಾರ್ಖಾನೆ ಸುಟ್ಟರೆ ಹೊಟ್ಟೆ ಸುಡ್ತಿದ್ದದ್ದು ನಮ್ಮೂರಿನವರದ್ದು. ಹಾಗಾಗಿ ಅದನ್ನ ಕಾಯೋಳು ಬ್ರಿಟಿಷರ ಕಡೆಯವಳು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ.

ಜಪಾನಿನ ಹೆದರಿಕೆಯೂ ಸುಳ್ಳಲ್ಲ. 1942ರ ಏಪ್ರಿಲ್ 6ಕ್ಕೆ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಬಿದ್ದಿತ್ತು. ಆದ್ರೆ ಜಪಾನಿನವನೊಬ್ಬ ಭದ್ರಾವತಿ ಬೀದಿಯಲ್ಲಿ ವೇಷ ಹಾಕ್ಕೊಂಡು ಓಡಾಡೋದು? ಚಹಾ ಅಂಗಡಿಯಲ್ಲಿ ಐದು ನಿಮಿಷಕ್ಕೆ "ನಿಮ್ಮ ಕಡೆ ಯಾವ ಊರಾಯ್ತು" ಅಂತ ಕೇಳಿಬಿಡ್ತಾರೆ.

ಕೋಡುಬಳೆ

ಊರಾದ ಮೇಲೆ "ಯಾರ ಪೈಕಿ" ಅಂತ ಕೇಳ್ತಾರೆ. ಅಲ್ಲಿಗೆ ಯಾವ ಗೂಢಚಾರನೂ ಉಳಿಯಲ್ಲ.

ಹಳೇ ಪುಸ್ತಕದ ಹುಳ

ಜಪಾನಿ ಖಳನನ್ನ ಬಿಡೋಕೆ ನನ್ನದೊಂದು ಕಾರಣ. ಆ ಕಾಲದ ಅಮೆರಿಕನ್ ಕಾಮಿಕ್ಸ್‌ನಲ್ಲಿ ಜಪಾನಿಯರನ್ನ ಕೋರೆಹಲ್ಲು, ಹಳದಿ ಮುಖ ಹಾಕಿ ರಾಕ್ಷಸರ ಹಾಗೆ ಬರೀತಿದ್ರು. ಯುದ್ಧದ ಬಿಸಿಯಲ್ಲಿ ಮಾಡಿದ ಕೆಲಸ, ಈಗ ನೋಡಿದ್ರೆ ಹೊಟ್ಟೆ ತೊಳಸುತ್ತೆ. ರಿಯೊ ಉಡುಪೂ ಹಾಗೇ, ಹೊಡೆದಾಟ ಶುರುವಾದ್ರೆ ಮೊದಲು ಹರಿಯೋದು ಅವಳ ಲಂಗ. ಓದ್ತಿದ್ದವರಲ್ಲಿ ಸೈನಿಕರು ಬಹಳ ಇದ್ರಲ್ಲ.

ಅಕ್ಕಾ, ಮಗಳಿಗೆ ಆ ಪುಟಗಳನ್ನ ಹೇಗೆ ತೋರಿಸಿದ್ರಿ?

ತುಂಗೆಯ ದಂಡೆ

ಪುಟ ದೊಡ್ಡದು ಮಾಡಿ ಮುಖ ಮಾತ್ರ ತೋರಿಸಿದೆ. "ಅಮ್ಮಾ, ಕೆಳಗೆ ಏನೋ ಮುಚ್ಚಿಡ್ತಿದೀಯ" ಅಂದ್ಲು. ಮನೇಲೇ ಒಬ್ಬಳು ಪತ್ತೇದಾರಿಣಿ ಇದಾಳೆ.

ಗೊರಬು (ಹೊಸನಗರ)

ಉಡುಪಿನ ಮಾತು ಬಂತಲ್ಲ, ಅದಕ್ಕೆ ಬಾಯಿ ಹಾಕ್ತೀನಿ. ನಿಮ್ಮ ಹುಡುಗಿಗೆ ಮುಖವಾಡ, ಕಪ್ಪು ಕೋಟು ಏನೂ ಬೇಡ. ಗೊರಬು ಕೊಡಿ, ಅದೇ ಮಳೆಗೆ ತಲೆ ಮೇಲಿಂದ ಬೆನ್ನಿಗೆ ಹಾಕ್ಕೊಳ್ಳೋ ಎಲೆಯ ಹೊದಿಕೆ. ನಾಟಿ ಸಮಯದಲ್ಲಿ ಗದ್ದೆಗೆ ಇಳಿದು ಬಗ್ಗಿ ನಿಂತ ಇಪ್ಪತ್ತು ಹೆಂಗಸರಲ್ಲಿ ಯಾರು ಯಾರು ಅಂತ ಅವರ ಗಂಡಂದಿರಿಗೂ ಗೊತ್ತಾಗಲ್ಲ. ತಲೆಯಿಂದ ಸೊಂಟದವರೆಗೆ ಗೊರಬು, ಕೆಳಗೆ ಕೆಸರು. ಪೊಲೀಸಿನವನು ಬದುವಿನ ಮೇಲೆ ನಿಂತು "ಯಾರೇ ಅದು" ಅಂತ ಕೂಗಿದ್ರೆ ಇಪ್ಪತ್ತೂ ಜನ ಹಾಡು ನಿಲ್ಲಿಸಲ್ಲ.

ರಿಯೊ ತಾನು ಸತ್ತೆ ಅಂತ ನಂಬಿಸಬೇಕಾಯ್ತು. ನಮ್ಮ ಕಡೆ ಹೆಂಗಸು ಕಾಣದ ಹಾಗೆ ಆಗೋಕೆ ಕೆಲಸ ಮಾಡ್ತಾ ಇದ್ದರೆ ಸಾಕು. ಸಗಣಿ ಬುಟ್ಟಿ ಹೊತ್ತವಳನ್ನ ಯಾರು ತಡೆದು ನೋಡ್ತಾರೆ ಹೇಳಿ.

ಕೊನೆಗೌಡನ ಮೊಮ್ಮಗ (ಸಾಗರ ಸೀಮೆ)

ವೈರ್‌ಲೆಸ್ ಬರುತ್ತಾ ಕತೆಯಲ್ಲಿ? ಬಂದ್ರೆ ಅಡಿಕೆ ತೋಟ ಬಿಡಬೇಡಿ. ಆಗಿನ ಸೆಟ್ಟುಗಳಿಗೆ ಉದ್ದನೆಯ ಏರಿಯಲ್ ತಂತಿ ಬೇಕು. ಮರದಿಂದ ಮರಕ್ಕೆ ಕಟ್ಟಿದ್ರೆ ಕೆಳಗಿಂದ ಯಾರಿಗೂ ಕಾಣಲ್ಲ. ಮಳೆಗಾಲದಲ್ಲಿ ಅಡಿಕೆ ಗೊನೆ ನೆನೆಯದ ಹಾಗೆ ಕೊಟ್ಟೆ ಕಟ್ಟೋಕೆ ಹೇಗೂ ಮರ ಹತ್ತಿರ್ತಾರೆ, ಕೊನೆಗೌಡ (ಅಡಿಕೆ ಮರ ಹತ್ತಿ ಗೊನೆ ಇಳಿಸೋನು) ಒಂದು ಮರದಿಂದ ಇನ್ನೊಂದಕ್ಕೆ ಬಾಗಿಸಿ ದಾಟ್ತಾನೆ, ಇಳಿಯೋದೇ ಇಲ್ಲ. ತಂತಿ ಎಳೆಯೋಕೆ ಅವನಿಗಿಂತ ಬೇರೆ ಮನುಷ್ಯ ಬೇಡ. ಅಜ್ಜ ಇದ್ದಿದ್ರೆ ಈ ಕೆಲಸ ಬಹಳ ಗಮ್ಮತ್ತಲ್ಲಿ ಮಾಡ್ತಿದ್ರು.

ಸಮಸ್ಯೆ ಒಂದೇ, ಥಂಡಿ. ಸೆಟ್ಟಿಗೆ ಬೂಸು ಹಿಡೀತದೆ. ಅಟ್ಟದ ಮೇಲೆ, ಒಲೆಯ ಹೊಗೆ ತಾಗೋ ಕಡೆ, ಬೀಜದ ಭತ್ತದ ಪಕ್ಕ ಇಡಿ.

ಹಳೇ ಪುಸ್ತಕದ ಹುಳ

ಇಲ್ಲಿ ನೂರ್ ಇನಾಯತ್ ಖಾನ್ ಬರಲೇಬೇಕು. ಟಿಪ್ಪು ಸುಲ್ತಾನನ ವಂಶದವಳು, ಅಂದ್ರೆ ಒಂದು ಬೇರು ನಮ್ಮ ನೆಲದ್ದೇ. 1914ರ ಜನವರಿ 1ರಂದು ಮಾಸ್ಕೋದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಬೆಳೆದು, ಮಕ್ಕಳಿಗೆ ಬುದ್ಧನ ಜಾತಕ ಕತೆ ಬರೆದ ಹುಡುಗಿ. 1943ರ ಜೂನ್‌ನಲ್ಲಿ ಬ್ರಿಟಿಷ್ ಗುಪ್ತದಳ ಅವಳನ್ನ ನಾಜಿ ಹಿಡಿತದ ಫ್ರಾನ್ಸಿಗೆ ವೈರ್‌ಲೆಸ್ ಕೆಲಸಕ್ಕೆ ಕಳಿಸ್ತು. ಸೂಟ್‌ಕೇಸಿನಲ್ಲಿ ಹಿಡಿಸೋ ಸೆಟ್ಟು, ಸುಮಾರು 15 ಕಿಲೋ. ಸಂದೇಶ ಉದ್ದವಾದ್ರೆ ಜರ್ಮನರ ಪತ್ತೆ ವ್ಯಾನು ಬೀದಿಗೇ ಬಂದುಬಿಡೋದು, ಅದಕ್ಕೆ ಬೇಗ ಮುಗಿಸಿ ಜಾಗ ಬದಲಿಸಬೇಕಿತ್ತು. ಜೊತೆಯವರೆಲ್ಲ ಸಾಲಾಗಿ ಸಿಕ್ಕಿಬಿದ್ದಾಗ ವಾಪಸ್ ಬಾ ಅಂದರೂ ಬರಲಿಲ್ಲ. ಅಕ್ಟೋಬರಿನಲ್ಲಿ ಯಾರೋ ಹಿಡಿದುಕೊಟ್ಟರು. 1944ರ ಸೆಪ್ಟೆಂಬರ್ 13ಕ್ಕೆ ಡಾಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. 1949ರಲ್ಲಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್.

ಈಸೂರಿನವರ ಪ್ರಶ್ನೆಗೆ ಹತ್ತಿರದ ಸಂಗತಿ ಅಂದ್ರೆ, ಕೆಲಸಕ್ಕೆ ಸೇರೋ ಸಂದರ್ಶನದಲ್ಲೇ ಆಕೆ ಭಾರತದ ಸ್ವಾತಂತ್ರ್ಯಕ್ಕೆ ತನ್ನ ಬೆಂಬಲ ಅಂತ ಬ್ರಿಟಿಷ್ ಅಧಿಕಾರಿಗಳ ಮುಖಕ್ಕೇ ಹೇಳಿದ್ದಳು.

ಈಸೂರಿನ ಹಾದಿ

ನೂರ್ ಬಗ್ಗೆ ಗೌರವ ಇದೆ. ಆದ್ರೆ ಅವಳು ಫ್ರಾನ್ಸಿನಲ್ಲಿದ್ದಳು, ಅಲ್ಲಿ ಶತ್ರು ಯಾರು ಅನ್ನೋದು ಸ್ಪಷ್ಟ. ಅದೇ 1942ರಲ್ಲಿ ಮುಂಬಯಿಯಲ್ಲಿ ಇಪ್ಪತ್ತೆರಡರ ಉಷಾ ಮೆಹ್ತಾ ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸ್ತಿದ್ರು. ಅವರೂ ಜಾಗ ಬದಲಿಸಿ ಬದಲಿಸಿ ಪ್ರಸಾರ ಮಾಡಿದ್ದು. ನವೆಂಬರ್ 12ಕ್ಕೆ ಪೊಲೀಸರು ಬಾಗಿಲು ಒಡೆದು ಹಿಡಿದ್ರು, ಅಲ್ಲೂ ಒಳಗಿನವನೊಬ್ಬ ಸುಳಿವು ಕೊಟ್ಟಿದ್ದ. ಒಬ್ಬಳು ಬ್ರಿಟಿಷರಿಗಾಗಿ, ಇನ್ನೊಬ್ಬಳು ಬ್ರಿಟಿಷರ ವಿರುದ್ಧ. ಎರಡು ಕೈ, ಎರಡು ಸೆಟ್ಟು. ನಿಮ್ಮ ಹುಡುಗಿ ಇವರಿಬ್ಬರ ನಡುವೆ ಎಲ್ಲಿ ನಿಲ್ತಾಳೆ ಅಂತ ತೀರ್ಮಾನ ಮಾಡದೆ ಬಣ್ಣ ಹಚ್ಚಬೇಡಿ ಅಂತಷ್ಟೇ ನಂದು.

ಉಕ್ಕಿನೂರು

1939ರಲ್ಲಿ ಯುದ್ಧ ಶುರುವಾಗ್ತಿದ್ದ ಹಾಗೇ ಹವ್ಯಾಸಿ ರೇಡಿಯೋದವರ ಪರವಾನಗಿ ರದ್ದು ಮಾಡಿದ್ರು. ಹಾಗಾಗಿ ಕಾಡಿನಿಂದ ಒಂದು ಮೋರ್ಸ್ ಸದ್ದು ಬಂದ್ರೆ ಸರ್ಕಾರಕ್ಕೆ ಅದು ಶತ್ರುವಿನದ್ದೇ. ಜಪಾನೋ ಕಾಂಗ್ರೆಸ್ಸೋ ಅಂತ ಕೇಳಿದ ಕೂಡಲೇ ತಿಳಿಯಲ್ಲ. ಅಂದ ಹಾಗೆ 'ಆಕಾಶವಾಣಿ' ಅನ್ನೋ ಹೆಸರು ಹುಟ್ಟಿದ್ದೂ ನಮ್ಮ ಸಂಸ್ಥಾನದಲ್ಲಿ, ಮೈಸೂರಿನ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ನಡೆಸಿದ ಖಾಸಗಿ ಕೇಂದ್ರದಿಂದ. ರೇಡಿಯೋ ನಮಗೇನೂ ಪರದೇಶಿ ಅಲ್ಲ.

ತುಂಗೆಯ ದಂಡೆ

ಉಕ್ಕಿನೂರಿನವರೇ, "ಕೇಳಿದ ಕೂಡಲೇ ತಿಳಿಯಲ್ಲ" ಅಂದ್ರಲ್ಲ, ಅದನ್ನ ಓದ್ತಿದ್ದ ಹಾಗೆ ಕತೆ ತಿರುಗಿತು.

ತಂತಿ ಕಚೇರಿಯಲ್ಲಿ ಕೆಲಸ ಮಾಡಿದ್ದ ನಮ್ಮ ದೊಡ್ಡಪ್ಪ ಹೇಳೋರು, ಕಟ್ಟೆ ಮೇಲೆ ಕೂತವರ ಕೆಮ್ಮು ಕೇಳಿ ಯಾರಂತ ಹೇಳೋ ಹಾಗೆ, ಮೋರ್ಸ್ ಬಡಿಯೋ ಕೈಯನ್ನೂ ಗುರುತು ಹಿಡೀಬಹುದು ಅಂತ. ಒಬ್ಬೊಬ್ಬರ ಬಡಿತಕ್ಕೆ ಒಂದೊಂದು ನಡಿಗೆ.

ಹಾಗಾದ್ರೆ ಹೀಗೆ: ಕಾಡಲ್ಲಿ ಕಳ್ಳ ಸೆಟ್ಟು ಮಾತಾಡ್ತಿದೆ. ಜಪಾನಿ ಗೂಢಚಾರ ಅಂತ ಪೊಲೀಸರು ನಂಬಿದಾರೆ. ಪೋಸ್ಟ್ ಮಾಸ್ಟರ್‌ಗೆ ಕಿವಿ ಮಂದ, ಅದಕ್ಕೆ ಮಗಳನ್ನ ಕೂರಿಸಿ ಕೇಳಿಸ್ತಾರೆ. ಮೂರನೇ ರಾತ್ರಿ ಅವಳಿಗೆ ಆ ಕೈ ಗೊತ್ತಾಗುತ್ತೆ. ಜೊತೆಯಲ್ಲೇ ಕೂತು ಅಪ್ಪನ ಹತ್ರ ಕಲಿತ ಚಿಕ್ಕಮ್ಮನ ಮಗಳ ಕೈ. ಎರಡು ವರ್ಷದ ಹಿಂದೆ ಶಿಕಾರಿಪುರದ ಕಡೆ ಮದುವೆಯಾಗಿ ಹೋದವಳು.

ಪೊಲೀಸರು ಕೇಳ್ತಾರೆ, "ಏನಮ್ಮಾ, ಏನಾದ್ರೂ ಗೊತ್ತಾಯ್ತಾ?"

ಈಸೂರಿನ ಹಾದಿ

ಇದಾದ್ರೆ ನಾನೂ ಓದ್ತೀನಿ.

ಗೊರಬು

ಮೈ ಜುಂ ಅಂತು ಕಣ್ರೀ. ಆದ್ರೆ ಒಂದು ಮಾತು, ಆ ತಂಗಿ ಈಸೂರಿನವಳು ಅಂತ ನೇರ ಬರೀಬೇಡಿ. ಈಸೂರಲ್ಲಿ ವೈರ್‌ಲೆಸ್ ಇತ್ತು ಅಂತ ನಾಳೆ ಯಾರಾದ್ರೂ ಅದನ್ನೇ ಇತಿಹಾಸ ಅಂದುಕೊಂಡು ಎಲ್ಲ ಗುಂಪಿಗೂ ಕಳಿಸ್ತಾರೆ.

ತುಂಗೆಯ ದಂಡೆ

ಒಪ್ಪಿದೆ. ಊರಿಗೆ ಕಲ್ಪಿತ ಹೆಸರು. ಈಸೂರು ಸುದ್ದಿಯಾಗಿ ಮಾತ್ರ ಬರುತ್ತೆ, ಬಸ್ಸಿನಲ್ಲಿ ಜನ ಪಿಸುಗುಟ್ಟೋ ಹಾಗೆ.

ಕೋಡುಬಳೆ

ಬಸ್ಸು ಅಂದ್ರೆ ಇದ್ದಿಲು ಬಸ್ಸು. ಯುದ್ಧದಲ್ಲಿ ಪೆಟ್ರೋಲು ಅಳೆದು ಕೊಡ್ತಿದ್ರಲ್ಲ, ಬಸ್ಸಿನ ಹಿಂದೆ ಒಲೆಯ ಹಾಗಿನ ಡಬ್ಬ ಕಟ್ಟಿ ಇದ್ದಿಲಿನ ಗ್ಯಾಸಿನಲ್ಲಿ ಓಡಿಸ್ತಿದ್ರು. ಹೊರಡೋ ಮುಂಚೆ ಕ್ಲೀನರ್ ಹುಡುಗ ತಿದಿ ತಿರುಗಿಸಿ ತಿರುಗಿಸಿ ಬೆಂಕಿ ಎಬ್ಬಿಸಬೇಕು. ಏರು ಬಂದ್ರೆ ಎಲ್ಲರೂ ಇಳಿದು ನೂಕಬೇಕು. ಅಕ್ಕಾ, ನಿಮ್ಮ ಬೆನ್ನಟ್ಟೋ ದೃಶ್ಯ ಇದರಲ್ಲೇ ಆಗಲಿ. ಮುಂದಿನ ಬಸ್ಸಿನಲ್ಲಿ ಅವಳು, ಹಿಂದಿನ ಬಸ್ಸಿನಲ್ಲಿ ಪೊಲೀಸಿನವನು, ಇಬ್ಬರೂ ಇಳಿದು ತಮ್ಮ ತಮ್ಮ ಬಸ್ಸು ನೂಕ್ತಿರ್ತಾರೆ. ನಡೆದುಕೊಂಡು ಹೋದ್ರೆ ಬೇಗ ಸಿಗ್ತಾಳೆ ಅಂತ ಅವನಿಗೆ ಹೊಳೆಯೋದೇ ಇಲ್ಲ.

ಆಗುಂಬೆ ಮೋಡ

ತಪ್ಪಿಸಿಕೊಳ್ಳೋ ದಾರಿ ನಾನು ಹೇಳ್ತೀನಿ. ಆಗ ಆಗುಂಬೆ ಮೈಸೂರು ಸಂಸ್ಥಾನ, ಘಾಟಿ ಇಳಿದರೆ ಸೋಮೇಶ್ವರ ದಕ್ಷಿಣ ಕನ್ನಡ, ಅಂದ್ರೆ ಮದ್ರಾಸ್ ಪ್ರಾಂತ್ಯ. ಜೋಗದ ಹತ್ರ ಹೊಳೆಯ ಆಚೆ ಬದಿ ಮುಂಬಯಿ ಪ್ರಾಂತ್ಯ. ಅಲ್ಲಿನ ಬಂಗಲೆಗೆ ಇವತ್ತಿಗೂ 'ಬಾಂಬೆ ಬಂಗಲೆ' ಅಂತಲೇ ಹೆಸರು. ಮೂರು ಸರ್ಕಾರ, ನಡುವೆ ಕಾಡು. ಮೈಸೂರು ಪೊಲೀಸಿನವನು ಗಡಿಯಲ್ಲಿ ನಿಂತು ಮೇಲಿನವರಿಗೆ ಕಾಗದ ಬರೀಬೇಕು, ಅಷ್ಟರಲ್ಲಿ ತಂಗಿ ಮಂಜಿನಲ್ಲಿ ಇಳಿದು ಹೋಗಿರ್ತಾಳೆ. ನಮ್ಮ ಮಂಜಿನಲ್ಲಿ ಮುಂದೆ ಹೋಗ್ತಿರೋ ಎಮ್ಮೆಯೇ ಕಾಣಲ್ಲ.

ಜೋಗವನ್ನೂ ಸೇರಿಸಿ. ವಿದ್ಯುತ್ ಯೋಜನೆ ಕೆಲಸ 1939ರಲ್ಲಿ ಶುರುವಾಗಿ ಕರೆಂಟು ಬಂದದ್ದು 1948ಕ್ಕೆ. ಯುದ್ಧದ ಉದ್ದಕ್ಕೂ ಅಲ್ಲಿ ಕೂಲಿಯವರು, ಇಂಜಿನಿಯರುಗಳು, ಹೊರಗಿನ ಮುಖಗಳು. ಗೂಢಚಾರ ಇದಾನೆ ಅಂತ ಅನುಮಾನ ಹುಟ್ಟೋಕೆ ತಕ್ಕ ಜಾಗ.

ತುಂಗೆಯ ದಂಡೆ

ಬರ್ಕೊಂಡೆ. ಇನ್ನೊಂದು ಆಲೋಚನೆ: ಅಕ್ಕ ತಂಗಿ ನಡುವೆ ಸಂಕೇತಕ್ಕೆ ಹಸೆ ಚಿತ್ತಾರ ಬಳಸಿದ್ರೆ? ಗೋಡೆಯ ಚಿತ್ತಾರದಲ್ಲಿ ಒಂದು ಎಳೆ ಬದಲಾದ್ರೆ ಅಪಾಯ ಅಂತ ಅರ್ಥ.

ಪುಂಡಿನಾರು (ಸಾಗರ)

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಇದಕ್ಕೆ ಮಾತ್ರ ಹೇಳಲೇಬೇಕು. ನಾವು ದೀವರು, ಈ ಚಿತ್ತಾರ ನಮ್ಮ ಸಮುದಾಯದ ಕಲೆ, ನಮ್ಮಮ್ಮ ಬರೀತಾರೆ. ಅಕ್ಕಿ ನೆನೆಸಿ ರುಬ್ಬಿದ ಬಿಳಿ, ಕೆಮ್ಮಣ್ಣು, ಪುಂಡಿನಾರಿನ ಕುಂಚ. ಮದುವೆಗೆ ಬರೆಯೋದು, ಹಾಡು ಹೇಳ್ಕೊಂಡು ಬರೆಯೋದು. ಎಳೆ ತಪ್ಪಬಾರದು ಅನ್ನೋದೇ ಅದರ ಹೆಮ್ಮೆ. ನಿಮ್ಮ ಪೋಸ್ಟ್ ಮಾಸ್ಟರ ಮಗಳು ಯಾವ ಮನೆಯವಳೋ ಗೊತ್ತಿಲ್ಲ. ಅವಳ ಅನುಕೂಲಕ್ಕೆ ನಮ್ಮ ಗೋಡೆ ಬಳಸೋದು ಯಾಕೋ ಸರಿ ಕಾಣಲ್ಲ. ಚಿತ್ತಾರ ಬೇಕಂದ್ರೆ ಚಿತ್ತಾರದವಳನ್ನೂ ಕತೆಯೊಳಗೆ ಕರ್ಕೊಳ್ಳಿ, ಹೆಸರಿಟ್ಟು, ಮಾತು ಕೊಟ್ಟು.

ತುಂಗೆಯ ದಂಡೆ

ನೀವು ಹೇಳಿದ್ದು ನೂರಕ್ಕೆ ನೂರು. ಆತುರದಲ್ಲಿ ಅಂದೆ, ಕ್ಷಮಿಸಿ. ತಂತಿ ಕೇಳೋ ಅಕ್ಕ ಒಬ್ಬಳೇ ನಾಯಕಿ ಅನ್ನೋದನ್ನೇ ಬಿಡ್ತೀನಿ ಅನಿಸ್ತಿದೆ. ನಿಮ್ಮಮ್ಮನ ಹತ್ರ ಒಂದು ದಿನ ಬಂದು ಕೂತ್ಕೋಬಹುದಾ? ಬರೆಯೋದನ್ನ ನೋಡ್ಬೇಕು. ಸಂಕೇತದ ಮಾತು ಅವರು ಒಪ್ಪಿದ್ರೆ ಮಾತ್ರ.

ಪುಂಡಿನಾರು

ಬನ್ನಿ. ಊಟಕ್ಕೇ ಬನ್ನಿ. ನಿಮ್ಮ ಮಗಳನ್ನೂ ಕರ್ಕೊಂಡು ಬನ್ನಿ, ನಮ್ಮಮ್ಮನಿಗೆ ಪ್ರಶ್ನೆ ಕೇಳೋ ಮಕ್ಕಳು ಅಂದ್ರೆ ಇಷ್ಟ.

ಕೊನೆಗೌಡನ ಮೊಮ್ಮಗ

ಶಬ್ದಗಳನ್ನ ಮಾತ್ರ ಇಂಗ್ಲಿಷ್ ಕಾಮಿಕ್‌ನಿಂದ ಎತ್ತಬೇಡಿ. ಮಳೆಗೆ ಧೋ, ಜಿರಾಪತಿ ಮಳೆಗೆ ಪಿರಿಪಿರಿ, ಹಾಳೆಟೋಪಿ ಮೇಲೆ ಹನಿ ಬಿದ್ರೆ ಟಪ್ ಟಪ್. ಜೀರುಂಡೆ ಕೂಗ್ತಿರುವಾಗ ಮೋರ್ಸ್ ಕೇಳಿಸ್ಕೊಳ್ಳೋದು ಹೆಂಗೆ ಅನ್ನೋದಕ್ಕೇ ಒಂದು ಪುಟ ಕೊಡಬಹುದು.

ಈಸೂರಿನ ಹಾದಿ

ಮೂರು ದಿನ ಬಿಟ್ಟು ಬಂದೆ. ನಮ್ಮ ದೊಡ್ಡಜ್ಜಿಗೆ ಈಗ ತೊಂಬತ್ತು ದಾಟಿದೆ, ಆಗ ಸಣ್ಣ ಹುಡುಗಿ. ಕತೆಗೆ ಬೇಕು ಅಂತ ಕೇಳಿದೆ: ಆಗ ಪೊಲೀಸರು ಮಾಮೂಲಿ ಬಟ್ಟೆಯಲ್ಲಿ ಬರ್ತಿದ್ರಂತಲ್ಲ, ಹೆಂಗಸರಿಗೆ ಹೇಗೆ ಗೊತ್ತಾಗ್ತಿತ್ತು?

ಅಜ್ಜಿ ಯೋಚನೆಯೂ ಮಾಡಲಿಲ್ಲ. "ನೀರು ಕೊಟ್ರೆ ಚೊಂಬು ಹಿಡ್ಕೊಂಡು ನಿಂತೇ ಕುಡೀತಿದ್ರು. ಊರವರಾದ್ರೆ ಜಗಲಿ ಮೇಲೆ ಕೂರ್ತಾರೆ."

ತುಂಗೆಯ ದಂಡೆ

ಮೊದಲ ಪುಟ ಸಿಕ್ತು. ಜಗಲಿ, ಖಾಲಿ ಚಾಪೆ, ನಿಂತ ಕಾಲು, ಚೊಂಬು. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಕೋಡುಬಳೆ

ಮತ್ತೆ ನನ್ನ ಇದ್ದಿಲು ಬಸ್ಸು?

ತುಂಗೆಯ ದಂಡೆ

ಹದಿನೇಳನೇ ಪುಟದಲ್ಲಿ. ನೀವೇ ನೂಕ್ತಿರ್ತೀರಿ.